ಎಳ್ಳಷ್ಟು ಕೆಳಗೆ

ನಮ್ಮ ಪಡಸಾಲೆಯಲ್ಲಿ, ದೇವರ ಮನೆಯ ಗೋಡೆಗೆ ಒಂದು ಗೇಣು ಬಿಟ್ಟು, ಕಟ್ಟಿಗೆಯ ಒಂದು ದೊಡ್ಡ ಪೆಟ್ಟಿಗೆ ಇದೆ. ಹೊಸಬರು ಬಂದರೆ ಜೋಳದ ಪೆಟ್ಟಿಗೆ ಅಂದುಕೊಂಡು ಅದರ ಮೇಲೆ ಕೈಚೀಲ ಇಡುತ್ತಾರೆ. ನಾನು ತೆಗೆದು ಕೆಳಗಿಡುತ್ತೇನೆ. ಅದು ಹಾಡುವ ಪೆಟ್ಟಿಗೆ. ಅದರ ಮೈಮೇಲೆ ಒಂದು ತಿರುವುವ ಗುಂಡಿ ಇದೆ, ಗುಂಡಿಯ ಪಕ್ಕದಲ್ಲಿ ಸುಣ್ಣದ ಒಂದು ಚುಕ್ಕಿ. ಪ್ರತಿ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಆ ಚುಕ್ಕಿಯ ಮೇಲೂ ಕಡ್ಡಿಯ ತುದಿಯಿಂದ ಒಂದಿಷ್ಟು ಮುಟ್ಟಿಸುತ್ತೇನೆ, ಅಳಿಸಿ ಹೋಗಬಾರದೆಂದು. ಆ ಚುಕ್ಕಿ ಇಟ್ಟವರು ಹೋದ ತಿಂಗಳು ದೇವದುರ್ಗದಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ, ‘ರೇಡಿಯೋದವರು’ ಅಂದರೆ ಮುಗಿಯಿತು. ನನಗೆ ಬರೆಯುವ ರೂಢಿಯೂ ಇಲ್ಲ. ಇರುವ ರೂಢಿ ಒಂದೇ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಅವನು ಮಾಡಿದ ಉಪಕಾರಗಳನ್ನು ಬೆರಳ ಮೇಲೆ ಎಣಿಸುತ್ತೇನೆ. ನಳಕ್ಕೆ ನೀರು ಬಂತು, ಒಂದು. ಹಾಲು ಒಡೆಯಲಿಲ್ಲ, ಎರಡು. ಅತ್ತೆಯವರ ಮೊಣಕಾಲು ಇವತ್ತು ನೋಯಲಿಲ್ಲ, ಮೂರು. ಎಲ್ಲ ಸಣ್ಣ ಸಣ್ಣವೇ. ದೊಡ್ಡವನ್ನು ಕೇಳುವ ಧೈರ್ಯ ನನಗಿಲ್ಲ. ಈ ಮನುಷ್ಯನಿಗೆ ನಾನು ಆಡಿದ ಒಂದು ಮಾತು ಮಾತ್ರ ಎಣಿಕೆಗೆ ಸಿಗದೆ ಏಳು ವರ್ಷದಿಂದ ಬೆರಳ ತುದಿಯಲ್ಲೇ ನಿಂತಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಅವರು ಗಬ್ಬೂರಿನ ಕಡೆಯವರು. ಅಪ್ಪ, ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಇವರು ಮೀಸೆ ಮೂಡುವ ವಯಸ್ಸಿನಲ್ಲಿ ಸಿಕಂದರಾಬಾದಿಗೆ ಹೋಗಿ, ಮಿಲಿಟರಿಯವರ ರೇಡಿಯೋ ರಿಪೇರಿ ಮಾಡುವಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದ್ದರಂತೆ. “ಕಸಾ ಹೊಡಕೋತ ಹೊಡಕೋತ ನೋಡೀನ್ರಿ ಅಕ್ಕಾರ, ಅವ್ರು ಬಿಚ್ಚೂದು, ಹಚ್ಚೂದು. ಕೈಯಾಗ ಕಸಬರಿಗಿ, ಕಣ್ಣಾಗ ರೇಡಿಯೋ” ಅನ್ನುತ್ತಿದ್ದರು. ಅಲ್ಲಿಂದ ರಾಯಚೂರಿಗೆ ಬಂದು, ತೀನ್ ಕಂದೀಲ್ ಚೌಕದ ಹತ್ತಿರ ಒಂದು ಬಾಗಿಲಗಲದ ಅಂಗಡಿ ಹಿಡಿದರು. ಮನೆ ನಮ್ಮ ಓಣಿಯಲ್ಲೇ, ನಮ್ಮಿಂದ ನಾಲ್ಕು ಬಾಗಿಲು ಆಚೆ.

ತೆಳ್ಳಗೆ, ಎತ್ತರಕ್ಕೆ ಇದ್ದರು. ಏನನ್ನಾದರೂ ಕೇಳುವಾಗ ಬಾಯಿ ಸ್ವಲ್ಪ ತೆರೆದಿರುತ್ತಿತ್ತು, ಬಾಯಿಂದಲೂ ಕೇಳುತ್ತಾರೇನೋ ಅನ್ನುವ ಹಾಗೆ. ತಾವು ಮಾತ್ರ ಯಾವತ್ತೂ ದನಿ ಎತ್ತಿದವರಲ್ಲ. ಸುಮ್ಮನೆ ಕೂತಾಗ ಬಲಗೈಯ ಹೆಬ್ಬೆರಳು, ತೋರುಬೆರಳು ಕಾಣದ ಗುಂಡಿಯೊಂದನ್ನು ತಿರುವುತ್ತಲೇ ಇರುತ್ತಿದ್ದವು. ನಮ್ಮ ಮನೆಯವರು ಶಾಲೆ ಮಾಸ್ತರರು, ಅವರ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಕೂತು ಬರುತ್ತಿದ್ದರು. ರಸ್ತೆಯ ಕಡೆ ಬೆನ್ನು ಮಾಡಿ ಕೂತಲ್ಲೇ ಈ ಮನುಷ್ಯ, “ಇದು ಮಾನ್ವಿ ಬಸ್ಸು. ಬಾಗಲ ಸಡ್ಲ ಆಗ್ಯದ. ಅದು ದೇವದುರ್ಗದ್ದು, ಡ್ರೈವರ್ ಹೊಸಬ ಅದಾನ, ಗೇರು ಕಡದು ಕಡದು ಹಾಕಾಕತ್ತಾನ” ಅನ್ನುತ್ತಿದ್ದರಂತೆ. ಮನೆಯವರು ತಿರುಗಿ ನೋಡಿದರೆ ಬಸ್ಸಿನ ಬೋರ್ಡಿನಲ್ಲಿ ಅದೇ ಊರು ಇರುತ್ತಿತ್ತು.

ಟೀವಿ ಇನ್ನೂ ಬಂದಿರಲಿಲ್ಲ. ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂದದ್ದೇ ದೊಡ್ಡದು. ದಾಸರ ಪದಗಳ ಕ್ಯಾಸೆಟ್ ಹಾಕಿದರೆ ಅತ್ತೆಯವರು ಎರಡು ದಿನ ಕೇಳಿದರು, ಮೂರನೆಯ ದಿನ ಮುಖ ಸಣ್ಣದು ಮಾಡಿದರು. “ಹಾಡೋ ಬಾಯಿ ಇದ್ದಾಳ, ತಾಳ ಅದ. ಮೃದಂಗದವ ಊಟಕ್ಕ ಹೋಗ್ಯಾನೇನೋ?” ಅಂದರು. ಅದಕ್ಕೇ ರೇಡಿಯೋದವರನ್ನು ಕರೆಸಿದ್ದು.

ಅವರು ಹದಿನೈದು ದಿನ ಕೂತು ಈ ಪೆಟ್ಟಿಗೆ ಮಾಡಿದರು. ಗೋಡೆಗೆ ಹಾಕುವ ಎರಡು ಸಣ್ಣ ಡಬ್ಬಿ, ನೆಲಕ್ಕೆ ಈ ದೊಡ್ಡದು. ಸಣ್ಣವು ಸಣ್ಣ ದನಿಗೆ, ದೊಡ್ಡದು ದಪ್ಪ ದನಿಗೆ. ದಪ್ಪ ದನಿ ಅಂದರೆ ಮೃದಂಗದ ಎಡಗೈ ಕಡೆಯದು, ತಂಬೂರಿಯ ಬುಡದ್ದು. ಪೆಟ್ಟಿಗೆಯ ಒಳಗೆಲ್ಲ ಹತ್ತಿ ತುರುಕಿದ್ದರು. ನಮ್ಮ ಓಣಿಯ ತುದಿಗೇ ಹತ್ತಿಯ ಗೋದಾಮು, ಅದರಾಚೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು. ಅವರ ಹೆಂಡತಿ ಆ ಜಿನ್ನಿನಲ್ಲಿ ಹತ್ತಿ ಆರಿಸುವ ಕೂಲಿಗೆ ಹೋಗುತ್ತಿದ್ದರು, ಸೆರಗಿಗೆ ಅಂಟಿ ಬಂದದ್ದೇ ಒಂದು ಬುಟ್ಟಿ ಆಗುತ್ತಿತ್ತು. “ಹತ್ತಿ ಯಾಕಪ್ಪಾ?” ಅಂದದ್ದಕ್ಕೆ, “ಹತ್ತಿ ಇರಲಿಲ್ಲಂದ್ರ ದನಿ ಒಳಗ ಬಡದಾಡ್ತದ್ರಿ. ಹತ್ತಿ ಅದನ್ನ ನುಂಗ್ತದ” ಅಂದರು.

ಪೆಟ್ಟಿಗೆ ಎಲ್ಲಿಡಬೇಕು ಅನ್ನುವುದು ಬಂತು. “ಯಾರು ಎಲ್ಲಿ ಕುಂತು ಕೇಳ್ತೀರ್ರಿ?” ಅಂದರು. ಅತ್ತೆಯವರ ಚಾಪೆ ಕಂಬದ ಹತ್ತಿರ. ಅವರು ಸೀದಾ ಪೆಟ್ಟಿಗೆ ಎತ್ತಿ ಆ ಚಾಪೆಯ ಮೇಲೇ ಇಟ್ಟರು.

“ಅಯ್ಯ, ನನ್ನ ಜಾಗಾದಾಗ ಇದು ಕೂತರ ನಾ ಎಲ್ಲಿ ಕೂಡಲೋ?”

“ಒಂದು ಗಳಿಗಿ ರೀ ಅವ್ವಾರ. ಈಗ ಇದು ನಿಮ್ಮ ಜಾಗಾದಾಗ ಕುಂತು ಹಾಡ್ತದ. ನಾ ಗ್ವಾಡಿಗುಂಟ ಹರಕೋತ ಹೋಗಿ, ದಪ್ಪ ದನಿ ಎಲ್ಲಿ ನೆಟ್ಟಗ ಬರ್ತದ ನೋಡ್ತೀನಿ. ಆ ಜಾಗಾಕ್ಕ ಪೆಟ್ಟಿಗಿ ಇಟ್ರ, ನಿಮಗ ಇಲ್ಲೇ ಕುಂತಲ್ಲೇ ನೆಟ್ಟಗ ಕೇಳ್ತದ. ಅದಲಿ ಬದಲಿ.”

ಕ್ಯಾಸೆಟ್ ಹಚ್ಚಿ, ಆ ಎತ್ತರದ ಮನುಷ್ಯ ಕೂಸಿನ ಹಾಗೆ ಅಂಬೆಗಾಲಿಟ್ಟು ಗೋಡೆಗುಂಟ ಹೊರಟರು. ಬಾಯಿ ತೆರೆದು, ಕಿವಿ ನೆಲದ ಕಡೆ ಮಾಡಿ. ಮನೆಯವರು ನಗು ತಡೆಯಲಾಗದೆ ಹೊರಗೆ ಹೋದರು. ಹರಿಯುತ್ತಾ ಹರಿಯುತ್ತಾ ದೇವರ ಮನೆಯ ಹೊಸ್ತಿಲ ಹತ್ತಿರ ಬಂದಾಗ ಅತ್ತೆಯವರು ಕೂಗಿದರು: “ಅಲ್ಲೇ ನಿಂದರಪಾ! ಮುಂದ ದೇವರ ಮನಿ ಅದ.”

ಅವರು ನಿಂತರು. ನಿಂತರು ಅಂದರೆ ಏಳಲಿಲ್ಲ, ಮೊಣಕಾಲ ಮೇಲೆ ಹಾಗೇ ಉಳಿದರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಇಂಥ ‘ಅಲ್ಲೇ ನಿಂದರು’ ಎಷ್ಟು ಕೇಳಿದ್ದರೋ. “ನಾ ಇಲ್ಲೇ ಇರ್ತೀನ್ರಿ ಅವ್ವಾರ. ಮುಂದಿನ ಜಾಗಾ ನೀವ ಹರದು ನೋಡ್ರಿ. ಎಲ್ಲಿ ಛಲೋ ಆತು ಹೇಳ್ರಿ” ಅಂದರು.

ಅತ್ತೆಯವರಿಗೆ ಆಗಲೇ ಅರವತ್ತು ದಾಟಿತ್ತು, ಉಟ್ಟದ್ದು ಮಡಿ ಸೀರೆ. ಕಚ್ಚೆ ಬಿಗಿ ಮಾಡಿಕೊಂಡು ಹರಿದೇಬಿಟ್ಟರು. “ಇಲ್ಲ... ಇಲ್ಲೂ ಇಲ್ಲ... ಹೂಂ! ಬಂದ ನೋಡು! ಊಟಾ ಮುಗಿಸಿ ಬಂದ ಮೃದಂಗದವ!” ಆ ದಿನ ನಮ್ಮ ಮನೆಯಲ್ಲಿ ಆದ ನಗು ಮತ್ತೆ ಆಗಿಲ್ಲ. ಅವರೂ ಮೊಣಕಾಲೂರಿದಲ್ಲಿಂದಲೇ ನಕ್ಕರು.

ಅವರು ಹೋದ ಮೇಲೆ, ಅವರ ಮೊಣಕಾಲು ಮುಟ್ಟಿದ ಜಾಗವನ್ನೆಲ್ಲ ನೀರು ಹಾಕಿ ತೊಳೆದೆ. ತೊಳೆ ಅಂದವರು ಅತ್ತೆಯವರು. ತೊಳೆದವಳು ನಾನು.

ಅದಕ್ಕೂ ಮೊದಲು, ಜಾಗ ಸಿಕ್ಕ ಮೇಲೆ ಗುಂಡಿಯ ಕೆಲಸ ಆಗಿತ್ತು, ಅದಕ್ಕೆಂದು ಅತ್ತೆಯವರು ಅವರನ್ನು ಪೆಟ್ಟಿಗೆಯವರೆಗೆ ಬಿಟ್ಟಿದ್ದರು. ಮೊದಲು ದೊಡ್ಡ ಪೆಟ್ಟಿಗೆಯನ್ನು ಪೂರಾ ಬಂದ್ ಮಾಡಿ ಸಣ್ಣವನ್ನಷ್ಟೇ ಹಾಡಿಸಿದರು. ಆಮೇಲೆ ಉಸಿರು ಹಿಡಿದು ದೊಡ್ಡದರ ಗುಂಡಿ ಮೇಲೇರಿಸುತ್ತಾ ಬಂದರು. “ಬಂತು” ಅಂತ ಮನೆಯವರು ಅಂದ ಕೂಡಲೇ ನಿಲ್ಲಿಸಿ, ಅಲ್ಲಿಂದ ಒಂಚೂರು ಹಿಂದಕ್ಕೆ ತಂದರು. “ಯಾಕ ಇಳಿಸಿದಿ?” ಅಂದರು ಮನೆಯವರು.

“ಇದ್ದಾಗ ಇದ್ದದ್ದು ಗೊತ್ತಾಗಬಾರ್ದ್ರಿ ಮಾಸ್ತರ. ಹ್ವಾದ ಮ್ಯಾಲ ಹೋತು ಅಂತ ಗೊತ್ತಾಗಬೇಕು. ಗೊತ್ತಾಗೂ ತನಕ ಏರಸೂದು, ಆಮ್ಯಾಲ ಎಳ್ಳಷ್ಟು ಕೆಳಗ.”

ನನಗದು ಸಾರಿಗೆ ಇಂಗು ಹಾಕುವ ಲೆಕ್ಕದಲ್ಲಿ ತಕ್ಷಣ ತಿಳಿಯಿತು. ನಾನು ಒಲೆಯ ಮುಂದೆ ಒಗ್ಗರಣೆಗೆ ಇಟ್ಟಿದ್ದೆ. ಪಡಸಾಲೆಯಲ್ಲಿ ಹಾಡು ನಡೆದಿತ್ತು. ಒಮ್ಮೆಲೇ ಮನೆಯ ಹೊಟ್ಟೆ ಖಾಲಿಯಾದ ಹಾಗೆ ಅನ್ನಿಸಿ, ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, “ಏನೋ ಹೋತಲ್ಲ?” ಅಂದೆ. ಅವರು ಯಾರಿಗೂ ಹೇಳದೆ ದೊಡ್ಡ ಪೆಟ್ಟಿಗೆಯ ವೈರು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. ಎದುರಿಗೇ ಕೂತ ತಾಯಿ, ಮಗ ಇಬ್ಬರಿಗೂ ಗೊತ್ತಾಗಿರಲಿಲ್ಲ.

“ನೋಡ್ರಿ!” ಅಂದರು. ಅವರು ಜೋರಾಗಿ ಆಡಿದ ಮಾತು ನಾನು ಕೇಳಿದ್ದು ಅದೊಂದೇ. “ಅಡಿಗಿ ಮನ್ಯಾಗಿದ್ದವ್ರಿಗೆ ಗೊತ್ತಾತು! ಇನ್ನ ಈ ಓಣ್ಯಾಗ ಕಿವಿ ಅಂದ್ರ ಅಕ್ಕಾರ್ದು.” ಅತ್ತೆಯವರ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ಕೇಳಿ ಇಸಿದುಕೊಂಡು ಆ ಚುಕ್ಕಿ ಇಟ್ಟರು.

ಈ ಎಳ್ಳಷ್ಟರ ವಿಷಯದಲ್ಲಿ ಬಹಳ ಹಟಮಾರಿ. ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಇಂಥದೇ ಪೆಟ್ಟಿಗೆ ಮಾಡಿಸಿ, “ಕಿಡಕಿ ಥರಾಥರಾ ನಡಗಬೇಕಲೇ, ಸಾಹುಕಾರ್ರ ಮನ್ಯಾಗ ಏನೋ ಬಂದದಂತ ಓಣಿಗೆಲ್ಲಾ ಗೊತ್ತಾಗಬೇಕು” ಅಂದರಂತೆ. ಇವರು ಮೆಲ್ಲಗೆ, “ಓಣಿಗೆ ಗೊತ್ತಾಗಬೇಕಂದ್ರ ಡೊಳ್ಳಿನವರನ್ನ ಕರಸ್ರಿ ಧಣಿ. ಇದು ಕೇಳೂದಕ್ಕ ಮಾಡಿದ್ದು” ಅಂದು, ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ವಾಪಸು ಬಂದರು. ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದರು.

ಲೋಕಕ್ಕೆಲ್ಲ ಎಳ್ಳಷ್ಟು ಇಳಿಸಿ ಕೊಡುವ ಈ ಮನುಷ್ಯ ತನ್ನ ಮನೆಯಲ್ಲಿ ಮಾತ್ರ ಗುಂಡಿಯನ್ನು ಪೂರಾ ತಿರುವಿ ಬಿಟ್ಟಿದ್ದರು. ಅದು ಮಗಳು ಹುಲಿಗಿಗಾಗಿ.

ಹುಲಿಗಿ ಮೂರು ಕೂಸು ಹೋದ ಮೇಲೆ ಹುಟ್ಟಿ ಉಳಿದವಳು. ಐದು ತುಂಬಿದರೂ ಮಾತು ಬಂದಿರಲಿಲ್ಲ. “ತಡಾ ಆಗ್ಯದ, ನಮ್ಮಪ್ಪಗೂ ತಡಾ ಆಗಿತ್ತಂತ” ಅನ್ನುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದಾಗ ಅವರ ಮನೆಯ ಪೆಟ್ಟಿಗೆ ಹಾಡುತ್ತಿತ್ತು. ಹಾಡು ಅಂತಲೂ ಅಲ್ಲ, ಗುಡುಗು. ನಾಲ್ಕು ಬಾಗಿಲು ಈಚೆ ನಮ್ಮ ಅಡಕಲ ಮನೆಯ ತಾಟು, ತಂಬಿಗೆ ಕಿಣಿಕಿಣಿ ಅನ್ನುತ್ತಿದ್ದವು. ಹುಲಿಗಿ ಪೆಟ್ಟಿಗೆಗೆ ಹೊಟ್ಟೆ ಹಚ್ಚಿ, ಎರಡೂ ತೋಳಲ್ಲಿ ಅಪ್ಪಿಕೊಂಡು ನಗುತ್ತಿದ್ದಳು. ಇವರು ಉಣ್ಣುವುದು ಬಿಟ್ಟು ನೋಡುತ್ತಾ ಕೂರುತ್ತಿದ್ದರು. “ಆಕಿ ಕೇಳೂದು ನೋಡ್ರಿ ಅಕ್ಕಾರ! ಹಿಂಗ ಕೇಳೂ ಮಂದಿ ಎಲ್ಲದಾರ?”

ಓಣಿಯಲ್ಲಿ ಲಾರಿ ಬಂದರೂ ಅದೇ. ಗೋದಾಮಿನಿಂದ ಹತ್ತಿಯ ಅಂಡಿಗೆ, ಆ ದೊಡ್ಡ ಮೂಟೆಗಳನ್ನು, ಹೇರಲು ಲಾರಿಗಳು ಓಣಿಯೊಳಗೆ ಹಿಮ್ಮುಖವಾಗಿ ಬರುತ್ತಿದ್ದವು. ನಮಗೆಲ್ಲ ಕೇಳುವುದಕ್ಕಿಂತ ಮೊದಲೇ ಹುಲಿಗಿ ಆಟ ಬಿಟ್ಟು ಗೋಡೆಗೆ ಸರಿದು ನಿಲ್ಲುತ್ತಿದ್ದಳು. “ನೋಡ್ರಿ, ನನಗಿಂತ ಮೊದಲ ಕೇಳ್ತಾಳ” ಅನ್ನುವಾಗ ಅವರ ಮುಖ ನೋಡುವ ಹಾಗಿತ್ತು.

ಒಂದು ದಿನ ನಳದ ಹತ್ತಿರ ಅವರ ಹೆಂಡತಿ ನನ್ನನ್ನು ತಡೆದರು. ಮೈಯೆಲ್ಲ ಹತ್ತಿಯ ಧೂಳು. “ಅಕ್ಕಾರ, ನಮ್ಮ ಕೂಸಿಗೆ ಕಿವಿ ಇಲ್ರಿ. ಬೆನ್ನ ಹಿಂದ ಬೋಗಾಣಿ ಕೆಡವಿ ನೋಡೀನಿ, ತಾಟು ಬಡದು ನೋಡೀನಿ. ತಿರುಗಿ ನೋಡೂದಿಲ್ಲ. ಅವ್ರಿಗೆ ಹೇಳಿದ್ರ, ಆಕಿ ಕಿವಿ ದಪ್ಪ ದನಿ ಕಿವಿ, ಸಣ್ಣದು ಹಿಡಿಯೂದಿಲ್ಲ ಅಷ್ಟ ಅಂತಾರ. ದವಾಖಾನಿ ನರ್ಸಬಾಯಿ ಹೇಳ್ಯಾಳ, ಗುಲ್ಬರ್ಗಾದಾಗ ಇಂಥಾ ಮಕ್ಕಳ ಸಾಲಿ ಅದಂತ, ಕೈ ಮಾಡಿ ಮಾತು ಕಲಸ್ತಾರಂತ. ಸಣ್ಣಕಿ ಇದ್ದಾಗ ಹಾಕಬೇಕಂತ. ನೀವೊಂದು ಮಾತು ಹೇಳ್ರಿ. ಕಿವಿ ವಿಷಯಾ ಬಂದ್ರ ನಿಮ್ಮ ಮಾತು ದಾಟೂದಿಲ್ಲ ಅವ್ರು.”

“ನೋಡಿ ಹೇಳ್ತೀನಿ ತಂಗಿ” ಅಂದೆ.

ನೋಡಿದೆ. ಹುಲಿಗಿ ಮಧ್ಯಾಹ್ನ ನಮ್ಮ ಪಡಸಾಲೆಗೆ ಬರುತ್ತಿದ್ದಳು, ನಾನು ಅಕ್ಕಿ ಆರಿಸುವಾಗ ಎದುರು ಕೂರುತ್ತಿದ್ದಳು. ಕ್ಯಾಸೆಟ್ ಹಾಕಿದರೆ ತಲೆ ಅಲ್ಲಾಡಿಸುತ್ತಿದ್ದಳು. ನಮ್ಮದು ಶಾಬಾದಿ ಕಲ್ಲಿನ ನೆಲ, ಕೆಳಗೆ ಮಣ್ಣು ಕುಸಿದು ಅಲ್ಲಲ್ಲಿ ಟೊಳ್ಳು. ಒಂದು ದಿನ ಆಗ ತಾನೇ ನೆಲ ಒರೆಸಿದ್ದೆ, ಹಸಿ ಇದೆಯೆಂದು ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಿದೆ. ಕ್ಯಾಸೆಟ್ ಹಾಕಿದೆ. ಹುಲಿಗಿ ಕಿಟಕಿಯ ಗುಬ್ಬಿ ನೋಡುತ್ತಾ ಕೂತಳು. ಹಾಡು ನಡೆದೇ ಇತ್ತು, ಮೃದಂಗ ಬಾರಿಸುತ್ತಲೇ ಇತ್ತು, ಕೂಸಿಗೆ ಅದರ ಪರಿವೆ ಇಲ್ಲ. ಸ್ವಲ್ಪ ಹೊತ್ತಿಗೆ ತಾನೇ ಕೆಳಗಿಳಿದಳು. ಅಂಗಾಲು ಕಲ್ಲಿಗೆ ಮುಟ್ಟಿತೋ ಇಲ್ಲವೋ, ಮುಖ ಅರಳಿತು.

ಮತ್ತೆ ಎತ್ತಿ ಕೂರಿಸಿದೆ. ಅರಳಿದ್ದು ಆರಿತು. ಇಳಿಸಿದೆ, ಅರಳಿತು. ಮೂರು ಸಲ ಮಾಡಿದೆ. ಈ ಕೂಸು ಕಿವಿಯಿಂದ ಕೇಳುತ್ತಿಲ್ಲ, ಅಂಗಾಲಿನಿಂದ ಕೇಳುತ್ತಿದೆ. ಲಾರಿಯನ್ನೂ ಹಾಗೇ.

ಅವತ್ತೇ ಸಂಜೆ ಹೋಗಿ ಹೇಳಬೇಕಿತ್ತು. ಏಕಾದಶಿ, ಇವತ್ತು ಬೇಡ ಅಂದುಕೊಂಡೆ. ಗುರುವಾರ ಹೇಳಿದರಾಯಿತು, ಒಳ್ಳೆ ದಿನ ಅಂದುಕೊಂಡೆ. ಗುರುವಾರ ಬಂತು. ಅವರು ತಾವೇ ಬಾಗಿಲಿಗೆ ಬಂದು, “ಅಕ್ಕಾರ, ಮಳಿ ಬರ್ತದ ನೋಡ್ರಿ ಇವತ್ತು, ನಮ್ಮ ಹುಲಿಗಿ ಗುಡುಗು ಕೇಳಿ ಒಳಗ ಬಂದ್ಲು” ಅಂದರು. ಆ ಮುಖಕ್ಕೆ ಹೇಗೆ ಹೇಳಲಿ? ಮುಂದಿನ ಗುರುವಾರ ಅಂದುಕೊಂಡೆ. ಹೀಗೆ ನಾಲ್ಕು ಗುರುವಾರ ಹೋದವು. ನಳದ ಹತ್ತಿರ ಅವರ ಹೆಂಡತಿ ನನ್ನ ಮುಖ ನೋಡುತ್ತಿದ್ದರು, ನಾನು ಕೊಡದ ಬಾಯಿ ನೋಡುತ್ತಿದ್ದೆ.

ಐದನೆಯ ವಾರ ಅವರು ಪೇಡೆ ತಂದರು. ಹುಲಿಗಿಯನ್ನು ಗೋದಾಮಿನಾಚೆಯ ಸರಕಾರಿ ಶಾಲೆಗೆ ಹಚ್ಚಿದ್ದರು. “ಮಾಸ್ತರು ಅಂದ್ರು, ಸುಮ್ನ ಕುಂಡ್ರಲಿ, ನಾಕು ಮಕ್ಕಳ ಜೋಡಿ ಮಾತು ಬರ್ತಾವಂತ.” ಮಗಳಿಗೆ ಬಿಳಿ ಕ್ಯಾನ್ವಾಸ್ ಬೂಟು ಕೊಡಿಸಿದ್ದರು. ಅವರ ಮನೆತನದಲ್ಲಿ ಬೂಟು ಹಾಕಿದವರಲ್ಲಿ ಆಕೆಯೇ ಮೊದಲು. ಬೆರಳು ದಪ್ಪದ ರಬ್ಬರಿನ ತಳ. ಬೆಳೆಯುವ ಕಾಲು ಅಂತ ಒಂದು ಅಳತೆ ದೊಡ್ಡದೇ ತಂದು, ಒಳಗೆ ತಳಕ್ಕೂ ತುದಿಗೂ ಹತ್ತಿ ತುರುಕಿದ್ದರು. ಪೇಡೆಯನ್ನು ಬಾಯಿಗೆ ಹಾಕಿಕೊಂಡು ನಾನು ಆ ಬೂಟನ್ನು ನೋಡಿದೆ. ಚೆಂದ ಅವ ಅಂದೆ.

ಶಾಲೆಯ ಮೊದಲ ದಿನ ಮನೆಯ ಮುಂದೆ ನಿಂತು ಕಳಿಸಿದರು. ಎರಡನೆಯ ದಿನ ಅವರು ಮಾನ್ವಿಗೆ ಹೋಗಿದ್ದರು, ಹೆಂಡತಿ ಜಿನ್ನಿಗೆ. ನಾನು ಸ್ನಾನ ಮಾಡಿ, ಒದ್ದೆ ಮಡಿ ಉಟ್ಟು, ದೇವರಿಗೆ ನೀರಿನ ಕೊಡ ಹಿಡಿದುಕೊಂಡು ಹೊಸ್ತಿಲಲ್ಲಿದ್ದೆ. ಹುಲಿಗಿ ಪಾಟಿ ಚೀಲ ಹಾಕಿಕೊಂಡು ಬಂದಳು. ನನ್ನ ನೋಡಿ ನಿಂತು, ಒಂದು ಕಾಲೆತ್ತಿ ಬೂಟು ತೋರಿಸಿದಳು. ನಾನು ನಕ್ಕೆ. ಮುಂದೆ ಹೋದಳು.

ಗೋದಾಮಿನ ಹತ್ತಿರ ಲಾರಿ ಹಿಂದಕ್ಕೆ ಬರತೊಡಗಿತ್ತು. ಹಿಂದೆ ನಿಂತು ಕೂಗುವವನು ಬೀಡಿ ಹಚ್ಚಲು ಆಚೆ ಸರಿದಿದ್ದ. ಹುಲಿಗಿ ಈಗ ಗೋಡೆಗೆ ಸರಿಯುತ್ತಾಳೆ, ಈಗ ಸರಿಯುತ್ತಾಳೆ ಅಂತ ನೋಡಿದೆ. ತಲೆ ಬಗ್ಗಿಸಿ ಬೂಟು ನೋಡಿಕೊಳ್ಳುತ್ತಾ ನಡು ಓಣಿಯಲ್ಲೇ ನಡೆದಿದ್ದಳು. ಆಗ ನನಗೆ ಆ ರಬ್ಬರು, ಆ ಹತ್ತಿ ಹೊಳೆಯಿತು.

“ಹುಲಿಗೀ!” ಅಂತ ಕೂಗಿದೆ. ಕಿವಿ ಇಲ್ಲದ್ದು ಗೊತ್ತಿದ್ದೂ ಕೂಗಿದೆ. ಹೋಗಿ ಹಿಡಿಯಬೇಕು ಅಂದರೆ ಮೈಮೇಲೆ ಮಡಿ, ಕೈಯಲ್ಲಿ ದೇವರ ನೀರು. ಒಂದು ಉಸಿರಿನಷ್ಟು ನಿಂತೆ. ಆಮೇಲೆ ಕೊಡ ಎಸೆದು ಓಡಿದೆ. ಓಡಿದೆ ಅನ್ನುವುದು ಖರೆ. ಮೊದಲು ನಿಂತೆ ಅನ್ನುವುದೂ ಖರೆ.

ಬೂಟು ಎರಡೂ ಕಾಲಲ್ಲೇ ಇದ್ದವು. ಬಿಳುಪು ಕೆಟ್ಟಿರಲಿಲ್ಲ. ಕೂಸು ನರಳಲಿಲ್ಲ ಅಂತ ದವಾಖಾನೆಯವರು ಹೇಳಿದರು. ಆ ಸಂಜೆ ದೀಪದ ಮುಂದೆ ಅದೊಂದನ್ನೇ ಎಣಿಸಿದೆ, ಎರಡನೆಯ ಬೆರಳು ಮಡಚಲಿಲ್ಲ.

ಕೂಸಿನ ಮಣ್ಣು, ದಿನ ಎಲ್ಲ ಮುಗಿದ ಮೇಲೆ ಒಂದು ಮುಂಜಾನೆ ಅವರು ನಮ್ಮ ಬಾಗಿಲಿಗೆ ಬಂದರು. ಅತ್ತೆಯವರು ಚಾಪೆಯ ಮೇಲಿಂದಲೇ, “ಒಳಗ ಬಾರಪಾ. ಇಲ್ಲಿ ನನ್ನ ಹತ್ರ ಬಂದು ಕೂಡು” ಅಂದರು. ಆ ಮಾತು ಅವರ ಬಾಯಿಂದ ಬರಲು ಇಷ್ಟು ಬೇಕಾಯಿತು.

“ಇಲ್ಲೇ ಇರ್ತೀನ್ರಿ ಅವ್ವಾರ” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕಾರ, ಈ ಓಣ್ಯಾಗ ಕಿವಿ ಅಂದ್ರ ನಿಮ್ದು. ಒಂದು ಖರೆ ಹೇಳ್ರಿ. ಹುಲಿಗಿಗೆ ಕೇಳ್ತಿತ್ತೋ, ಇಲ್ಲೋ?”

ಹೆಬ್ಬೆರಳು, ತೋರುಬೆರಳು ಕಾಣದ ಗುಂಡಿಯನ್ನು ತಿರುವುತ್ತಿದ್ದವು, ಅತ್ತ ಇತ್ತ, ಅತ್ತ ಇತ್ತ. ಇಲ್ಲ ಅಂದರೆ ಆ ಬೂಟು ಅವರೇ ಹಾಕಿದ್ದು, ಆ ಹತ್ತಿ ಅವರೇ ತುರುಕಿದ್ದು, ಗುಲ್ಬರ್ಗಾಕ್ಕೆ ಕಳಿಸದೆ ಇದ್ದದ್ದೂ ಅವರೇ.

“ಕೇಳ್ತಿತ್ತು” ಅಂದೆ.

“ಖರೇನ್ರಿ?”

“ಖರೆ.”

ದೇವರಾಣೆ ಅನ್ನಲಿಲ್ಲ. ಅಷ್ಟನ್ನಾದರೂ ಉಳಿಸಿಕೊಂಡೆ. ಅವರು, “ಹಂಗಾರ ಬೂಟಿನ ಧ್ಯಾನದಾಗ ಇದ್ಲು” ಅಂದರು. “ಲಾರಿ ಕೇಳಿದ್ರೂ, ಬೂಟಿನ ಧ್ಯಾನ ಬಿಡಲಿಲ್ಲ ಹುಡುಗಿ.” ಹಾಗೆ ಅನ್ನುವಾಗ ಬೆರಳು ನಿಂತವು.

ಅವರಿಗೆ ಕರುಣೆ ತೋರಿಸಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಇಲ್ಲ ಅಂದಿದ್ದರೆ ಅವರ ಮುಂದಿನ ಪ್ರಶ್ನೆ ಬರುತ್ತಿತ್ತು: ನಿಮಗ ಯಾವಾಗ ಗೊತ್ತಾತು? ಅದಕ್ಕೆ ಹೆದರಿದ್ದು ಇನ್ನರ್ಧ.

ಅವರು ಮನೆಗೆ ಹೋಗಿ ಹೆಂಡತಿಗೆ, “ಕಿವುಡಿ ಕಿವುಡಿ ಅಂತಿದ್ದಿ. ಕೇಳ್ತಿತ್ತಂತ. ಅಕ್ಕಾರು ಹೇಳ್ಯಾರ” ಅಂದರಂತೆ. ಮರುದಿನ ನಳದ ಹತ್ತಿರ ಆ ಹೆಣ್ಣುಮಗಳು ಕೊಡ ಕೆಳಗಿಟ್ಟು ನನ್ನನ್ನು ನೋಡಿದರು. “ಯಾಕ್ರಿ ಅಕ್ಕಾರ?” ಅಂದರು, ಅಷ್ಟೇ. ಆ ಮೇಲೆ ನನ್ನ ಜೊತೆ ಮಾತಾಡಲಿಲ್ಲ. ಆರು ತಿಂಗಳಿಗೆ ಗಂಡ, ಹೆಂಡತಿ ಇಬ್ಬರೂ ದೇವದುರ್ಗಕ್ಕೆ ಹೋದರು. ತಮ್ಮ ಮನೆಯ ದೊಡ್ಡ ಪೆಟ್ಟಿಗೆಯನ್ನು ಒಡೆದು ಒಲೆಗೆ ಹಾಕಿ ಹೋದರು.

ಅಲ್ಲಿ ಬಸ್ ನಿಲ್ದಾಣದ ಹಿಂದೆ ಬ್ಯಾಟರಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು. ನಮ್ಮ ಮನೆಯವರು ಕೆಲಸದ ಮೇಲೆ ಹೋದಾಗ ಕಂಡು ಬರುತ್ತಿದ್ದರು. ಅಂಗಡಿಯಲ್ಲಿ ಒಂದು ರೇಡಿಯೋ ಕೂಡ ಹಾಡುತ್ತಿರಲಿಲ್ಲವಂತೆ. ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರಂತೆ: “ಚುಕ್ಕಿ ಹಂಗ ಅದ ಏನ್ರಿ ಮಾಸ್ತರ? ಗುಂಡಿ ಯಾರೂ ತಿರುವಿಲ್ಲಲ್ಲ?” ಅದಕ್ಕೇ ದೀಪಾವಳಿಗೆ ಸುಣ್ಣ ಮುಟ್ಟಿಸುವುದು.

ಹೋದ ವಾರ ಅವರ ಹೆಂಡತಿ ಬಂದಿದ್ದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. ಬರಿ ಹಣೆ ನೋಡಿ ಕೈ ಹಿಡಿದು ಒಳಗೆ ಕರೆತಂದು ಮಂಚದ ಮೇಲೆ ಕೂರಿಸಿದೆ. ಅತ್ತೆಯವರು ಮಲಗಿದ್ದರು.

“ಹ್ವಾದ್ರಿ ಅಕ್ಕಾರ. ಎದಿಯಾಗ ನೀರು ತುಂಬಿತ್ತಂತ. ಹದಿನೆಂಟು ದಿನ ದವಾಖಾನ್ಯಾಗ ಇದ್ರು.” ಸೆರಗಿನಿಂದ ಮುಖ ಒರೆಸಿಕೊಂಡರು, ಅಳುತ್ತಿರಲಿಲ್ಲ. “ಏಳು ವರ್ಸ ನನ್ನ ಒಂದು ದಿನಾ ಕೇಳಿದ್ದಿಲ್ಲ. ನಿಮ್ಮ ಮಾತು ಸಾಕಾಗಿತ್ತು ಅವ್ರಿಗೆ. ಕಡೀ ದಿನ ಕೇಳಿದ್ರು. ನೀನೂ ಒಮ್ಮೆ ಹೇಳು, ಕೇಳ್ತಿತ್ತಲ್ಲ ಆಕಿಗೆ, ಅಂತ.”

“ನೀ ಏನಂದಿ ತಂಗಿ?”

“ಏಳು ವರ್ಸ ನಿಮಗ ಬೈಕೋತ ಇದ್ದೆ. ಅವತ್ತು ನನ್ನ ಬಾಯಾಗೂ ನಿಮ್ಮ ಮಾತ ಬಂತ್ರಿ. ಕೇಳ್ತಿತ್ತು ಅಂದೆ. ಕಣ್ಣು ಮುಚ್ಚಿದ್ರು.”

ನನಗೆ ಒಂದು ಕ್ಷಣ ಹಗುರ ಆಯಿತು. ದೇವರು ಕೊನೆಗೂ ಒಂದು ಉಪಕಾರ ಕೊಟ್ಟ, ಬೆರಳು ಮಡಚಬಹುದು ಅನ್ನಿಸಿತು. ನೀರು ತರಲು ಎದ್ದೆ.

“ಅಕ್ಕಾರ” ಅಂದರು ಹಿಂದಿನಿಂದ. “ನಿಮಗ ಯಾವಾಗ ಗೊತ್ತಾಗಿತ್ರಿ?”

ತಿರುಗಿದೆ. ಆಕೆಯ ಕಾಲು ಮಂಚದಿಂದ ಇಳಿಬಿದ್ದಿದ್ದವು, ನೆಲಕ್ಕೆ ಮುಟ್ಟಿರಲಿಲ್ಲ. ಅದೇ ಮಂಚ. ಎರಡನೆಯ ಸಲ ಸುಳ್ಳು ಹೇಳಲು ಆಗಲಿಲ್ಲ.

“ಬೂಟು ತರೋದಕ್ಕಿಂತ ಒಂದು ತಿಂಗಳು ಮೊದಲು” ಅಂದೆ.

“ಒಂದು ತಿಂಗಳು” ಅಂದರು. ಬೈಯಲಿಲ್ಲ, ಹಣೆ ಬಡಿದುಕೊಳ್ಳಲಿಲ್ಲ. ಇಳಿದರು. ಪೆಟ್ಟಿಗೆಯ ಹತ್ತಿರ ಹೋಗಿ, ಸುಣ್ಣದ ಚುಕ್ಕಿಯ ಮೇಲೆ ಒಮ್ಮೆ ಬೆರಳಾಡಿಸಿದರು. ನಾನು ತಂದ ನೀರು ಕುಡಿಯದೆ, “ಬರ್ತೀನ್ರಿ” ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಲಾರಿಗಳು ಈಗಲೂ ಓಣಿಗೆ ಹಿಮ್ಮುಖವಾಗಿಯೇ ಬರುತ್ತವೆ. ಕಿವಿಗೆ ಬೀಳುವ ಮೊದಲು ನನಗೆ ಅಂಗಾಲಿನಲ್ಲಿ, ಕಲ್ಲಿನಿಂದ, ಗೊತ್ತಾಗುತ್ತದೆ. ಒಲೆಯ ಮೇಲೆ ಏನೇ ಇರಲಿ, ಮೈಮೇಲೆ ಮಡಿಯೇ ಇರಲಿ, ಓಡಿ ಬಂದು ನಡು ಓಣಿಯಲ್ಲಿ ನಿಲ್ಲುತ್ತೇನೆ. ಅತ್ತೆಯವರು ಒಳಗಿನಿಂದ, “ಯಾರು ಬಂದ್ರು?” ಅನ್ನುತ್ತಾರೆ.

“ಯಾರೂ ಇಲ್ಲ” ಅನ್ನುತ್ತೇನೆ. ಲಾರಿ ಗೋದಾಮಿಗೆ ಹೊಕ್ಕ ಮೇಲೆ ಒಳಗೆ ಬಂದು, ಮತ್ತೆ ಮೊದಲಿನಿಂದ ಸ್ನಾನ ಮಾಡುತ್ತೇನೆ.